ತಂತಿ ಕಿತ್ತಿಟ್ಟ ರೇಡಿಯೊ

ಇದನ್ನು ಹೇಳಿದಾಗಲೆಲ್ಲ ನನ್ನ ಹೆಂಡತಿ ನಗುತ್ತಾಳೆ. ನಗಲಿ. ಆ ರಾತ್ರಿ ಶೆಟ್ಟಿಹಳ್ಳಿಯ ಶೆಡ್ಡಿನಲ್ಲಿದ್ದವನು ನಾನು, ಅವಳಲ್ಲ.

ಎಂಬತ್ತರ ದಶಕದ ಆರಂಭ. ಗದಗದಿಂದ ಬಂದು ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ನಮ್ಮ ಮನೆ ಮಾಲೀಕರು ಪಿಟೀಲು ಮೇಷ್ಟ್ರು. ಪಾಠ ಹೇಳಲು ಯಲಹಂಕದವರೆಗೂ ತಮ್ಮ ಹಳೆಯ ಇಂಗ್ಲಿಷ್ ಕಾರಿನಲ್ಲೇ ಹೋಗುತ್ತಿದ್ದರು. ದಾರಿಯಲ್ಲಿ ಸಂಗೀತ ಕೇಳುವ ಆಸೆಗೆ ಒಂದು ರೇಡಿಯೊ ತಂದಿದ್ದರು. ಅದನ್ನು ಕಾರಿಗೆ ಕೂರಿಸುವುದು ಅರ್ಧ ಗಂಟೆ ಕೆಲಸ ಎಂದು ಜಂಬದಿಂದ ಒಪ್ಪಿಕೊಂಡಿದ್ದೆ.

ಡ್ಯೂಟಿ ಮುಗಿಸಿ ಆರಕ್ಕೆ ಅವರ ಕಾರು ಶೆಡ್ಡಿನಲ್ಲಿ ಕೂತವನು ಒಂಬತ್ತಾದರೂ ಏಳಲಿಲ್ಲ. ರೇಡಿಯೊ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಕಬ್ಬಿಣಕ್ಕೆ ತಾಗಿದರೆ ಸಾಕು... ಟಪ್! ಫ್ಯೂಸ್ ಹೋಗುತ್ತಿತ್ತು. ನಾಲ್ಕು ಫ್ಯೂಸ್ ಸುಟ್ಟ ಮೇಲೆ ಹೊಳೆಯಿತು: ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತಂತಿಯನ್ನೇ ಕಾರಿನ ಮೈಗೆ ಬಿಗಿದಿದ್ದರು, ರೇಡಿಯೊಗೆ ಬೇಕಿದ್ದದ್ದು ತದ್ವಿರುದ್ಧ. ಸುಟ್ಟ ರಬ್ಬರಿನ ವಾಸನೆ, ಜೋಮು ಹಿಡಿದ ಕಾಲು, ಗೀರಿಹೋದ ಬೆರಳು... ಸಿಟ್ಟು ನೆತ್ತಿಗೇರಿತ್ತು.

"ಏನಪ್ಪಾ ಬಸವರಾಜ, ಇನ್ನೂ ಆಗ್ಲಿಲ್ವಾ?" ಬಾನೆಟ್ ಎತ್ತಿ ನಿಂತಿದ್ದ ಮೇಷ್ಟ್ರು ಕೇಳಿದರು.

"ನಾಳೆ ನೋಡೂಣ್ರೀ ಮಾಸ್ತರ. ಇದು ನನ್ನ ಜೀವಾ ತಿನ್ನಾಕತ್ತೇತಿ."

"ಸರಿ ಬಿಡು. ಬ್ಯಾಟರಿ ತಂತಿ ನಾನೇ ಬಿಚ್ಬಿಡ್ತೀನಿ."

ನಾನು ರೇಡಿಯೊದ ತಂತಿಗಳನ್ನು ಕಿತ್ತು, ಪೆಟ್ಟಿಗೆಯನ್ನು ಸೀಟಿನ ಮೇಲೆ ಒಗೆದೆ. ಸ್ಪೀಕರ್ ಮಾತ್ರ ಅದಕ್ಕೆ ಅಂಟಿಕೊಂಡಿತ್ತು. ಉಳಿದ ತುದಿಗಳಿಗೆ ಟೇಪ್ ಸುತ್ತಲು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಡ್ಯಾಶ್‌ಬೋರ್ಡಿನ ಕೆಳಗೆ ತೂರಿದೆ. ಅಲ್ಲಿಂದ ಬಾನೆಟ್ಟೂ ಕಾಣದು, ಮೇಷ್ಟ್ರೂ ಕಾಣರು.

ಸೀಟಿನ ಮೇಲಿಂದ ಸಣ್ಣಗೆ... ಕೊರ್‌ರ್‌ರ್...

ನನ್ನ ಕೈ ನಿಂತಿತು. ಬ್ಯಾಟರಿಗೂ ಅದಕ್ಕೂ ಈಗ ಸಂಬಂಧವೇ ಇರಲಿಲ್ಲವಲ್ಲ!

"ಮಾಸ್ತರ! ಕೈ ತಗೀರಿ!"

ಸ್ಪೀಕರಿನಿಂದ ಬಂದ ಆ ದನಿ... ನನ್ನದು. ಆ ಬೀದಿಯಲ್ಲಿ ಅವರನ್ನು 'ಮಾಸ್ತರ' ಎನ್ನುತ್ತಿದ್ದವನು ನಾನೊಬ್ಬನೇ.

ಮರುಕ್ಷಣ ಧಡಾರ್! ಬಾನೆಟ್ಟಿಗೆ ಆನಿಸಿದ್ದ ಕಂಬಿ ಜಾರಿತ್ತು. ಹೊರಗೆ ಹಾರಿ ನೋಡಿದರೆ, ಮೇಷ್ಟ್ರು ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

"ನೀನ್ ಕೂಗದೇ ಇದ್ದಿದ್ರೆ ಬೆರಳೆಲ್ಲ ಹೋಗ್ತಿತ್ತು ಕಣಪ್ಪಾ... ಪಿಟೀಲೇ ಮುಗೀತಿತ್ತು."

ಉತ್ತರ ಕೊಡಲು ಹೋದೆ. ಆಗಲಿಲ್ಲ. ಟಾರ್ಚ್ ಇನ್ನೂ ನನ್ನ ಹಲ್ಲುಗಳ ನಡುವೆಯೇ ಇತ್ತು.

ಮುಂದಿನ ವಾರ ಬೇರೊಬ್ಬ ಮೆಕ್ಯಾನಿಕ್ ಆ ರೇಡಿಯೊ ಕೂರಿಸಿದ. ಚೆನ್ನಾಗಿಯೇ ಹಾಡುತ್ತಿತ್ತಂತೆ. ಮೇಷ್ಟ್ರು ಬಂದವರಿಗೆಲ್ಲ, "ನನ್ ಕೈ ಉಳಿಸ್ದೋನು ಇವ್ನೇ" ಎಂದು ನನ್ನನ್ನು ತೋರಿಸುವರು. ನಾನು ತಲೆ ತಗ್ಗಿಸುತ್ತಿದ್ದೆ.

"ಬಾರಪ್ಪ, ಯಶವಂತಪುರಕ್ಕೆ ಬಿಡ್ತೀನಿ" ಎಂದು ಎಷ್ಟು ಸಲ ಕರೆದರೂ ನಾನು ಆ ಕಾರು ಹತ್ತಲಿಲ್ಲ. ಮಳೆಯಲ್ಲಿ ನೆನೆಯುತ್ತ ಬಸ್ಸಿಗೇ ಕಾದೆ. ಒಳಗೆ ಕೂತಾಗ ಮತ್ತೆ ಆ ಕೊರ್‌ರ್‌ ಶುರುವಾಗಿ... ಈ ಸಲ ನನ್ನ ದನಿಯೇ ನನ್ನ ಹೆಸರು ಹಿಡಿದು ಕೂಗಿಬಿಟ್ಟರೆ?