ಹಿಡಿಕೆ ಬಿಚ್ಚಿದ ಕಾರು

೧೯೭೮ರಲ್ಲಿ ನಾನು ಹಿರಿಯೂರಿನ ಒಂದು ರೇಡಿಯೋ ಮತ್ತು ಕಾರ್ ಎಲೆಕ್ಟ್ರಿಕ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಬಿ.ಎಸ್ಸಿ. ಓದಿದವನೆಂದು ಉಳಿದ ಕೆಲಸಗಾರರು ನನ್ನನ್ನು ತುಸು ದೂರವೇ ಇಟ್ಟಿದ್ದರು. ಬಾಡಿಗೆ ಕೋಣೆ, ಹೋಟೆಲ್ ಊಟ. ಕೆಲಸದ ಆಚೆಗೆ ನನ್ನೊಡನೆ ಮಾತಾಡುತ್ತಿದ್ದವನು ಒಬ್ಬನೇ: ಶೇಂಗಾ ಮಂಡಿಯ ಸಾಹುಕಾರರ ಅಂಬಾಸಿಡರ್ ಓಡಿಸುತ್ತಿದ್ದ ತಿಪ್ಪೇಸ್ವಾಮಿ. ಸಂಜೆ ಚಹಾಕ್ಕೆ ಬಂದು, "ಏನಪ್ಪ ಬಿಎಸ್ಸಿ, ಇವತ್ತು ಯಾರ ರೇಡಿಯೋ ಹೊಟ್ಟೆ ಕೊಯ್ದೆ?" ಎನ್ನುತ್ತಿದ್ದ.

ಸಾಹುಕಾರರು ಬೊಂಬಾಯಿಯಿಂದ ತರಿಸಿದ್ದ ಕಾರ್ ಕ್ಯಾಸೆಟ್ ಪ್ಲೇಯರ್ ಎರಡೇ ವಾರದಲ್ಲಿ ಚಿತ್ರದುರ್ಗದಲ್ಲಿ ಕಳುವಾಯಿತು. ಮುಂಬಾಗಿಲಿನ ಕ್ವಾರ್ಟರ್ ಗ್ಲಾಸ್, ಅಂದರೆ ಚಿಕ್ಕ ತ್ರಿಕೋನದ ಗಾಜನ್ನು ತಳ್ಳಿ, ಕೈ ತೂರಿಸಿ, ಒಳಗಿನ ಹಿಡಿಕೆ ತಿರುವಿದ್ದರು. ಎರಡನೆಯ ಪ್ಲೇಯರ್ ಬಂದಾಗ ಅದನ್ನು ಕಾಯುವ ಉಪಾಯ ಹುಡುಕುವ ಕೆಲಸ ನನ್ನದಾಯಿತು.

ಹುರುಪಿನಿಂದಲೇ ಮಾಡಿದೆ. ತ್ರಿಕೋನದ ಗಾಜುಗಳಿಗೆ ಸ್ಕ್ರೂ ಬಿಗಿದೆ. ನಾಲ್ಕೂ ಬಾಗಿಲುಗಳ ಒಳಗಿನ ಹಿಡಿಕೆಗಳನ್ನೂ ಕಿಟಕಿ ಇಳಿಸುವ ಹ್ಯಾಂಡಲ್‌ಗಳನ್ನೂ ಕಾರು ನಿಲ್ಲಿಸಿದಾಗ ಕಿತ್ತು ಚೀಲಕ್ಕೆ ಹಾಕಿಕೊಳ್ಳುವಂತೆ ಮಾಡಿದೆ. ಬಾನೆಟ್ ಕೆಳಗೆ ಬ್ಯಾಟರಿಗೆ ಕಟ್-ಆಫ್ ಸ್ವಿಚ್ ಇಟ್ಟೆ; ಅದನ್ನು ಆರಿಸಿದರೆ ಇಡೀ ಕಾರಿಗೆ ಕರೆಂಟ್ ಇಲ್ಲ. ಉಳಿದ ಮೂರು ಬಾಗಿಲುಗಳನ್ನು ಒಳಗಿನಿಂದ ಲಾಕ್ ಮಾಡಿ, ಡ್ರೈವರ್ ಬಾಗಿಲಿಗೆ ಹೊರಗಿನಿಂದ ಬೀಗ.

ಆ ಬೇಸಿಗೆಯಲ್ಲಿ ಹೊಳಲ್ಕೆರೆಯ ನೆಂಟರ ಮನೆಯ ನಾಮಕರಣಕ್ಕೆ ಸಾಹುಕಾರರು ಹೊರಟರು. ಒಂದು ಸ್ಪೀಕರ್ ಗೊರಗೊರ ಎನ್ನುತ್ತಿದ್ದುದರಿಂದ ನನ್ನನ್ನೂ ಕರೆದೊಯ್ದರು. ಹೊಂಗೆ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಸ್ವಿಚ್ ಆರಿಸಿ, ಹಿಡಿಕೆಗಳನ್ನು ಚೀಲಕ್ಕೆ ಹಾಕಿದೆವು.

ಸಾಹುಕಾರರಿಗೆ ಸಮಾಧಾನವಾಗಲಿಲ್ಲ. "ತಿಪ್ಪಾ, ನೀನು ಒಳಗೇ ಕುಂತ್ಕ. ಬೀಗಾನೂ ಇರ್ಲಿ, ಮನುಷ್ಯಾನೂ ಇರ್ಲಿ."

ತಿಪ್ಪೇಸ್ವಾಮಿ ನಕ್ಕ. "ಆಯ್ತು ಬಿಡ್ರಿ ಸಾವ್ಕಾರ್ರೆ. ಟೇಪಿನ ಜೊತೆ ನನ್ನೂ ಯಾರೂ ಕದಿಯಂಗಿಲ್ಲ."

ಚೀಲ ನನ್ನ ಕೈಯಲ್ಲೇ ಇತ್ತು. ನೆಂಟರು ಎದುರುಗೊಳ್ಳಲು ಬಂದಿದ್ದರು. ಅವರ ಮುಂದೆ ಸಾಹುಕಾರರಿಗೆ ಎದುರಾಡುವುದು ಹೇಗೆಂದು ಸುಮ್ಮನಾದೆ. ಬೀಗ ಬಿತ್ತು. ಕೀಲಿ ಸಾಹುಕಾರರ ಜೇಬು ಸೇರಿತು.

ಎಲೆಗೆ ಹೋಳಿಗೆ ಬಿದ್ದಾಗ ಬಾಗಿಲಾಚೆ ಕಣ್ಣು ಹೋಯಿತು. ನೆರಳು ಸರಿದು ಕಾರು ಪೂರ್ತಿ ಬಿಸಿಲಲ್ಲಿ ನಿಂತಿತ್ತು. ಏಳಲು ಹೋದೆ. ಪಕ್ಕದ ಹಿರಿಯರು ಮೊಣಕೈ ಹಿಡಿದರು. "ಕುಂತ್ಕಳ್ರಿ. ಹಿರೇರು ಇನ್ನೂ ಉಣ್ತಾ ಅವ್ರೆ, ಪಂಕ್ತಿ ಬಿಟ್ಟು ಏಳ್ತಾರೇನ್ರಿ?"

ನಾನು ಕುಳಿತೆ. ಮುಚ್ಚಿದ ಗಾಜಿನೊಳಗೆ ಶಾಖ ಹೇಗೆ ಏರುತ್ತದೆಂದು ಕಾಲೇಜಿನಲ್ಲಿ ಓದಿದ್ದವನು ನಾನು, ಎಲೆಯ ಮುಂದೆ ಕುಳಿತೇ ಇದ್ದೆ. ಮಜ್ಜಿಗೆ ಬಂತು, ಎಲ್ಲರೂ ಉಂಡು ಏಳುವವರೆಗೆ ಕಾದೆ. ಇಂದಿಗೂ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು ಆ ಕಾಲು ಗಂಟೆ.

ಓಡಿ ಹೋದಾಗ ಅವನು ಮುಂದಿನ ಸೀಟಿನಲ್ಲಿ ಕೆಳಕ್ಕೆ ಜಾರಿದ್ದ. ಕಣ್ಣುಗಳು ಅರ್ಧ ತೆರೆದಿದ್ದವು. ಗಾಜಿನ ತುಂಬ ಅಂಗೈ ಬಡಿದ ಗುರುತುಗಳು. ಹಾರ್ನ್‌ಗೆ ಕರೆಂಟ್ ಇರಲಿಲ್ಲ. ಮನೆಯೊಳಗೆ ಓಲಗ ಜೋರಾಗಿತ್ತು. "ಕೀಲಿ!" ಎಂದು ಕೂಗಿದೆ. ಸಾಹುಕಾರರು ಒದ್ದೆ ಕೈಯಲ್ಲೇ ಜೇಬು ತಡಕುತ್ತಿದ್ದರು. ನಾನು ಕಲ್ಲೆತ್ತಿದೆ.

"ಏಯ್, ಗ್ಲಾಸು! ತಡಿಯಲೇ, ತಗೀತೀನಿ!"

ಒಡೆದೆ. ಒಳಗಿನ ಗಾಳಿ ಒಲೆಯ ಬಾಯಿಂದ ಬಂದಂತೆ ಮುಖಕ್ಕೆ ಬಡಿಯಿತು.

ಆಸ್ಪತ್ರೆಯಲ್ಲಿ ಮೂರನೆಯ ದಿನ ತಿಪ್ಪೇಸ್ವಾಮಿ ಮಾತಾಡಿದ. ನನ್ನನ್ನು ಬಿಎಸ್ಸಿ ಎನ್ನಲಿಲ್ಲ. "ಕಣ್ಣು ಕತ್ಲೆ ಬಂದಾಗ ಬಾಗಿಲು ತಡಕಾಡಿದೆ ಸಾರ್. ಹಿಡಿಕೆ ಇರೋ ಜಾಗದಾಗ ಬರೇ ತೂತು ಐತೆ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದ. ತಿಂಗಳೊಳಗೆ ಕೆಲಸ ಬಿಟ್ಟು ಜವನಗೊಂಡನಹಳ್ಳಿಗೆ ಹೋದ. ಎರಡು ಸಲ ಕಾಗದ ಬರೆದೆ, ಉತ್ತರ ಬರಲಿಲ್ಲ. ಪ್ಲೇಯರ್ ಮಾತ್ರ ಕಳುವಾಗಲಿಲ್ಲ.

ಹೊರಗಿನವನು ಒಳಗೆ ಬರಬಾರದೆಂದು ಯೋಚಿಸುವವನು, ಒಳಗಿರುವವನು ಹೇಗೆ ಹೊರಬರುತ್ತಾನೆಂಬುದನ್ನು ಮೊದಲು ನೋಡಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಯಾವ ಕಾರಿಗೆ ಬೀಗ ಕೂರಿಸಿದರೂ ಮೊದಲು ನಾನೇ ಒಳಗೆ ಕುಳಿತು, ಹೊರಗಿನಿಂದ ಬೀಗ ಹಾಕಿಸಿಕೊಂಡು, ಕಣ್ಣು ಮುಚ್ಚಿ ಹಿಡಿಕೆ ಹುಡುಕುತ್ತಿದ್ದೆ. ಅದು ಕೈಗೆ ಸಿಕ್ಕಿದ ಮೇಲೂ ಬಹಳ ಹೊತ್ತು ಇಳಿಯಲು ಆಗುತ್ತಿರಲಿಲ್ಲ.