ಹಚ್ಚೀ ಅಂದರೆ ರೊಟ್ಟಿ

ಖೂಬಾ ಪ್ಲಾಟ್ ಬಡಾವಣೆಯ ಅಂಜನಾಗೆ ಚಿಂತೆ ಮಾಡಲು ಕಾರಣವೇ ಬೇಕಿರಲಿಲ್ಲ. ಮಗಳು ನಿದ್ದೆಯಲ್ಲಿ ಸದ್ದು ಮಾಡದಿದ್ದರೆ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುವಳು. ಸದ್ದು ಮಾಡಿದರೆ ದವಾಖಾನೆಗೆ ಹೊರಡುವಳು. ಅಂಥವಳ ಮನೆಗೆ ಸೂಪರ್ ಮಾರ್ಕೆಟ್ ಪೇಟೆಯ ಬೀದಿನಾಯಿಯೊಂದನ್ನು ಗಂಡ ವಿವೇಕಾನಂದ ತಂದು ಬಿಟ್ಟಿದ್ದ. ಮಿರ್ಚಿ ಭಜಿ ಬಂಡಿಯ ಕೆಳಗೆ ಸಿಕ್ಕಿದ್ದಕ್ಕೆ ಅದರ ಹೆಸರೂ ಭಜಿ.

ಭಜಿ ಬಂಗಾರದಂಥ ನಾಯಿ. ಆದರೆ ಈಗಷ್ಟೇ ನಡೆಯಲು ಕಲಿತ ಮಗಳು ಭುವಿ ಸೀನಿದಳೆಂದರೆ ಸಾಕು, ಬಾಲ ಮುದುರಿ ಮಂಚದಡಿ ನುಗ್ಗುತ್ತಿತ್ತು. ಒಮ್ಮೆ ಅಂಜನಾ ಕೊರಳಪಟ್ಟಿ ಹಿಡಿದು ಎಳೆಯಲು ಹೋದಾಗ ಗುರ್ರೆಂದು ಹಲ್ಲು ತೋರಿಸಿತು. ಅವಳು ಭುವಿಯನ್ನು ಎತ್ತಿಕೊಂಡು ಹಿಂದೆ ಸರಿದಳು.

“ಇದು ಕೂಸಿನ ಮ್ಯಾಲ ಸಿಟ್ಟು ಇಟ್ಟದ್ರೀ. ಇವತ್ತೇ ಕಮಲಾಪುರಕ್ಕ ಬಿಟ್ಟು ಬರೋಣ.”

“ಸೀನಿದ್ದಕ್ಕ ಯಾರರ ಸಿಟ್ಟಾಗ್ತಾರೇನು?” ಎಂದ ವಿವೇಕಾನಂದ. ಆದರೂ ಕಾರು ತೆಗೆದ.

ಕಮಲಾಪುರದಲ್ಲಿ ಅತ್ತೆ ಶಿವಕಾಂತಮ್ಮ ಅಂಗಳದಲ್ಲಿ ಕೆಂಪು ಬಾಳೆಗೊನೆ ಇಳಿಸಿಕೊಳ್ಳುತ್ತಿದ್ದರು. ಓಣಿಯ ನಾಯಿಯೊಂದು ಗೊನೆ ಮೂಸಲು ಬಂತು. “ಹಚ್ಯಾ!” ಎಂದು ಗದರಿದರು. ಓಣಿಯ ನಾಯಿ ಕದಲಲಿಲ್ಲ. ಭಜಿ ಮಾತ್ರ ಬಾಲ ಮುದುರಿ, ಕಿವಿ ಹಿಂದಕ್ಕೆ ಒತ್ತಿ, ಕಾರಿನಡಿ ತೂರಿತು.

ಅಷ್ಟರಲ್ಲೇ ಭುವಿ ಸೀನಿದಳು: “ಹಚ್ಚೀ!” ಭಜಿ ಇನ್ನಷ್ಟು ಒಳಗೆ ಸರಿಯಿತು.

ಅಂಜನಾ ನಿಂತಲ್ಲೇ ಕುಣಿದಳು. “ರೀ! ಹಚ್ಯಾ... ಹಚ್ಚೀ! ಎರಡೂ ಇದಕ್ಕ ಒಂದೇ ಕೇಳಸ್ತಾವ! ಮಾರ್ಕೆಟ್ನಾಗ ಎಲ್ಲಾರೂ ಹಚ್ಯಾ ಅಂತ ಬಡದು ಓಡಿಸ್ಯಾರ. ಇದು ಸಿಟ್ಟಲ್ಲರೀ, ಅಂಜಿಕಿ! ಅಂಜಿ ಕುಂತಿದ್ದನ್ನ ನಾ ಹಿಡದು ಎಳದೀನಿ, ಅದಕ್ಕ ಗುರ್ ಅಂದದ!”

“ಹಂಗಾರ ಕೂಸಿಗಿ ಸೀನಬ್ಯಾಡ ಅಂತೀಯೇನವ್ವಾ?” ಶಿವಕಾಂತಮ್ಮ ನಕ್ಕರು.

“ಇಲ್ರೀ ಅತ್ತಿ. ಅಂಜೋ ಸಪ್ಪಳದ ಬೆನ್ನಿಗೇ ತಿನ್ನೋದು ಕೊಟ್ರ ಅಂಜಿಕಿ ಹೋಗ್ತದಂತ ಓದೀನಿ. ನಿಮ್ಮ ಖಡಕ್ ರೊಟ್ಟಿ ಕಟ್ಟಿ ಕೊಡ್ರಿ. ಆಗಲಿಲ್ಲಂದ್ರ ಬರೋ ಅಮಾಸಿಗಿ ಇಲ್ಲೇ ತಂದು ಬಿಡ್ತೀನಿ.”

ಮರುದಿನದಿಂದ ಭುವಿಯನ್ನು ಒಳಗೆ ಮಲಗಿಸಿ, ಅಂಜನಾ ಪಡಸಾಲೆಯ ತುದಿಯಲ್ಲಿ ಕೂತು ಪಿಸುದನಿಯಲ್ಲಿ “ಹಚ್ಚೀ” ಎನ್ನುವಳು. ಕೂಡಲೇ ರೊಟ್ಟಿಯ ಚೂರು ಎಸೆಯುವಳು. ಭಜಿ ಮಂಚದಡಿ ಹೋದರೆ ಹೋಗಲಿ. ಬಗ್ಗಿ ನೋಡಳು, ಎಳೆಯಳು. ಬರಬರುತ್ತ ಸೀನು ಜೋರಾಯಿತು, ನಡುವಿನ ದೂರ ಕಡಿಮೆಯಾಯಿತು.

ಅಂಗಳದ ಮೋಟುಗೋಡೆಯಾಚೆಯಿಂದ ನೆರೆಮನೆಯ ರೋಷನಬಿ ಕೂಗಿದರು: “ಅಂಜನಾ ಬೇಟಿ, ದಿನಾ ಎಷ್ಟು ಸೀನ್ತೀ? ದವಾಖಾನಿಗಿ ಹೋಗಬಾರದಾ?”

“ಸರ್ದಿ ಅಲ್ರೀ ಖಾಲಾ, ನಾಯಿಗಿ ರೊಟ್ಟಿ ತಿನ್ಸಾಕತ್ತೀನಿ!”

“ಯಾ ಅಲ್ಲಾ! ಸೀನಿ ಸೀನಿ ರೊಟ್ಟಿ ತಿನ್ಸೋರನ್ನ ಇವತ್ತೇ ನೋಡ್ದೆ.”

ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂಜನಾಳ ತೊಡೆಯ ಮೇಲಿದ್ದ ಭುವಿ ಒಮ್ಮೆಲೇ ಸೀನಿದಳು, ನಿಜವಾದ ಸೀನು. ಭಜಿ ಮಂಚದತ್ತ ನೋಡಿತು. ಕೂಸಿನತ್ತ ನೋಡಿತು. ಆಮೇಲೆ ಬಾಲ ಅಲ್ಲಾಡಿಸುತ್ತ ಓಡಿಬಂದು, ಎದುರು ಕೂತು, ಬಾಯಿ ನೆಕ್ಕಿಕೊಂಡಿತು.

ಅಂಜನಾ ಕಮಲಾಪುರಕ್ಕೆ ಫೋನ್ ಹಚ್ಚಿದಳು. “ಅತ್ತೀ, ಬಂತ್ರೀ! ಓಡಿ ಬಂತು! ಅಮಾಸಿಗಿ ಭಜಿ ಬರಂಗಿಲ್ಲ, ನೀವು ರೊಟ್ಟಿ ಕಳಸ್ರಿ!”

ಮಾತು ಮುಗಿಯುವ ಮೊದಲೇ ಗೋಡೆಯಾಚೆ ರೋಷನಬಿ ಸೀನಿದರು. ಭಜಿ ಅಂಗಳಕ್ಕೆ ಹಾರಿ, ಮುಂಗಾಲು ಗೋಡೆಯ ಮೇಲಿಟ್ಟು, ಆಚೆಗೆ ನಾಲಿಗೆ ಚಾಚಿ ಕಾಯತೊಡಗಿತು.

“ಬೇಟೀ,” ಆಚೆಯಿಂದ ದನಿ ಬಂತು, “ಈಗ ರೊಟ್ಟಿ ನಾ ಕೊಡಬೇಕೇನು?”