ಗೌಜಗನಪಾಳ್ಯದ ಸಂಜೆ ದೀಪ

ಕೂಟಗಲ್‌ನಿಂದ ಎರಡು ಮೈಲಿ ಬಂಡೆ, ಪೊದೆ ದಾಟಿ ಹೋದರೆ ಗೌಜಗನಪಾಳ್ಯ. ಅದನ್ನು ಊರೆಂದರೆ ನಗು ಬರುತ್ತದೆ. ಹನ್ನೆರಡು ಮನೆಯವರು ಒಬ್ಬೊಬ್ಬರಾಗಿ ರಸ್ತೆ ಬದಿಗೆ ಹೋಗಿ ನೆಲೆಸಿದ ಮೇಲೆ ಉಳಿದದ್ದು ಕೆಂಚಮ್ಮನ ಮನೆಯೊಂದೇ. ಅದೂ ಹಳೇ ಊರಿನಲ್ಲಿರಲಿಲ್ಲ. ಮಳೆಗೆ ಗೋಡೆ ಕುಸಿಯಿತೆಂದು ಅವಳ ಮಾವ ಹಳ್ಳದ ಈಚೆ ದಿಣ್ಣೆಯ ಮೇಲೆ ಕಟ್ಟಿದ್ದು.

ದೀಪ ಹಚ್ಚುವವರಿಲ್ಲದ ಊರನ್ನು ಸರ್ಕಾರದವರು ಬೇಚರಾಕ್ ಎಂದು ಬರೆದುಕೊಳ್ಳುತ್ತಾರೆ. ಅತ್ತೆ ಬೋರಮ್ಮ ಈ ಮಾತನ್ನು ಶಾನುಭೋಗರ ಬಾಯಲ್ಲಿ ಕೇಳಿದ್ದಳು. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಸಾಯುವಾಗ, ಆಗಲೇ ಗಂಡನನ್ನು ಕಳೆದುಕೊಂಡಿದ್ದ ಸೊಸೆಯಿಂದ ಭಾಷೆ ತೆಗೆದುಕೊಂಡಳು.

"ನೀ ಇರೋಗಂಟ ಒಂದ್ ಸಂಜೇನೂ ದೀಪ ತಪ್ಪಿಸ್ಬ್ಯಾಡ ಕಣವ್ವ. ನಮ್ಮೂರು ಬೇಚರಾಕ್ ಆಗ್ಬಾರ್ದು."

ಮುದುಕಿ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಕೆಂಚಮ್ಮನ ಕಾಲಿಗೆ ಹಗ್ಗ ಬಿತ್ತು.

ಅಂದಿನಿಂದ ಹೊತ್ತು ಮುಳುಗುವುದರೊಳಗೆ ವಾಪಸು ಬರಬಹುದಾದಷ್ಟೇ ಅವಳ ಪ್ರಪಂಚ. ಕೂಟಗಲ್ ಸರಿ, ಓಡಿಬಂದರೆ ರಾಮನಗರವೂ ಸರಿ. ತವರೂರು ಕಲ್ಯ ಮಾತ್ರ ದೂರ. ಅರವತ್ತಾರರಲ್ಲಿ ಅವ್ವನಿಗೆ ಮೇಲುಸಿರು ಬಂದಿದೆಯೆಂದು ಅಕ್ಕ ಮಾರಕ್ಕ ಹೇಳಿಕಳಿಸಿದಳು. ಕೆಂಚಮ್ಮ ಹೋದಳು, ಎರಡು ಗುಟುಕು ಗಂಜಿ ಕುಡಿಸಿದಳು, ಮಧ್ಯಾಹ್ನದ ಬಸ್ಸಿಗೆ ಎದ್ದುಬಿಟ್ಟಳು.

"ಇವತ್ತೊಂದಿನ ಇರವ್ವ" ಎಂದು ಅವ್ವ ಸೆರಗು ಹಿಡಿದಳು. ಬಿಡಿಸಿಕೊಂಡು ಬಂದಳು. ಬೆಳಗಾಗುವಷ್ಟರಲ್ಲಿ ಅವ್ವ ಇರಲಿಲ್ಲ.

ಎಪ್ಪತ್ತೊಂದರ ಜನಗಣತಿಗೆ ಮೇಷ್ಟ್ರು ಕೃಷ್ಣಪ್ಪ ನಕ್ಷೆ ಹಿಡಿದು ಬಂದರು. ಬಾಗಿಲ ಮೇಲೆ ನಂಬರು ಬರೆದರು.

"ಕೂಟಗಲ್‌ಗೆ ಸೇರಿಸ್ಕೊಂಡಿವ್ನಿ ಕಣಮ್ಮ."

"ಇದು ಗೌಜಗನಪಾಳ್ಯ ಸ್ವಾಮಿ! ದಿನಾ ದೀಪ ಹಚ್ತೀನಲ್ಲ ನಾನು!"

"ಆ ಊರಿನ ಗಡಿ ಹಳ್ಳದಾಚೆಗೇ ಮುಗೀತದೆ. ಅದನ್ನ ಅರವತ್ತೊಂದ್ರಲ್ಲೇ ಬೇಚರಾಕ್ ಅಂತ ಬರ್ದವ್ರೆ."

ಹಳ್ಳ ದಾಟಿ ಮನೆ ಕಟ್ಟಿದರೆ ಊರೇ ಬದಲಾಗುತ್ತದೆಂದು ಮಾವನಿಗಾಗಲಿ ಅತ್ತೆಗಾಗಲಿ ಎಲ್ಲಿ ಗೊತ್ತಿತ್ತು! ಕೆಂಚಮ್ಮ ಬೆರಳು ಮಡಿಸಿ ವರ್ಷ ಎಣಿಸಿದಳು. ಅವಳು ಭಾಷೆ ಕೊಡುವುದಕ್ಕೆ ಒಂದು ವರ್ಷ ಮುಂಚೆಯೇ ಊರು ಬೇಚರಾಕ್ ಆಗಿಹೋಗಿತ್ತು.

"ಹಂಗಾರೆ ಅವತ್ತು ನಮ್ಮವ್ವ ಸೆರಗು ಹಿಡ್ದಾಗ... ನಾನು ಅಲ್ಲೇ ಇರ್ಬೋದಾಗಿತ್ತಾ?"

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. "ಯಾರು ಬ್ಯಾಡ ಅಂದಿದ್ರು ತಾಯಿ?" ಎಂದು ಚೀಲ ಹೆಗಲಿಗೇರಿಸಿ ಹೊರಟರು.

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಬಟ್ಟೆ ಗಂಟು ಕಟ್ಟಿ, ಬಾಗಿಲೆಳೆದು, ಅಕ್ಕನ ಮನೆಗೆಂದು ಬಸ್ಸಿನ ದಾರಿ ಹಿಡಿದಳು. ಇನ್ನು ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ದೊಡ್ಡ ಬಂಡೆಯ ಹತ್ತಿರ ಬರುವಷ್ಟರಲ್ಲಿ ಹೊತ್ತು ಇಳಿಯಿತು. ಕಾಲು ಮುಂದಕ್ಕೆ ಬರಲೊಲ್ಲವು. ತಿರುಗಿ ಓಡಿಬಂದು, ಅತ್ತೆಯನ್ನು ಬಾಯಿಗೆ ಬಂದಂತೆ ಬೈಯುತ್ತಲೇ ದೀಪ ಹಚ್ಚಿದಳು.